ಗೆದ್ದಾಗ ಬ್ರಿಟನ್ನಿನವ, ಸೋತಾಗ ಸ್ಕಾಟ್ಲೆಂಡಿನವ

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಕಾಸರಗೋಡಿನ ಊರೂರುಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾಗಳ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳ ಸಂದಿಯಲ್ಲಿ ಇಂಗ್ಲೆಂಡಿನ ಅಭಿಮಾನಿಗಳದೂ ಒಂದೆರಡು ಇರುವುದುಂಟು. ಬದಿಯಡ್ಕ ಪೇಟೆಯಲ್ಲಿ ಕಂಡ ಅಂಥದೊಂದರಲ್ಲಿ ಆಟಗಾರ ಹ್ಯಾರಿ ಕೇನ್ ಚಿತ್ರದ ಹಿಂದೆ ಇಡೀ ಬ್ರಿಟನ್ನಿನ ಬಾವುಟವಾದ ಯೂನಿಯನ್ ಜ್ಯಾಕ್ ಹರಡಿಕೊಂಡಿತ್ತು. ಇಂಗ್ಲೆಂಡ್ ತಂಡದ್ದು ಬಿಳಿಯ ಮೇಲೆ ಕೆಂಪು ಶಿಲುಬೆಯ ಬಾವುಟ ಎಂದು ಹುಡುಗರಿಗೆ ಹೇಳಬಹುದಿತ್ತು. ಆದರೆ 1966ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಅಲ್ಲಿನ ಜನರೇ ಯೂನಿಯನ್ ಜ್ಯಾಕ್ ಬೀಸಿದ್ದರೆಂಬುದು ನೆನಪಾಗಿ ಸುಮ್ಮನಾದೆ.

ಬ್ರಿಟಿಷರ ಅಭಿಮಾನದ ಸ್ವಾರಸ್ಯವೆಲ್ಲ ಈ ಗೊಂದಲದಲ್ಲಿಯೇ ಇದೆ. ಫುಟ್‌ಬಾಲಿಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಂದು ನಾಲ್ಕು ತಂಡಗಳು, ಒಲಿಂಪಿಕ್ಸ್‌ಗೆ ಒಂದೇ ತಂಡ. 2013ರಲ್ಲಿ ಸ್ಕಾಟ್ಲೆಂಡಿನ ಟೆನಿಸ್ ಆಟಗಾರ ಆ್ಯಂಡಿ ಮರ್ರೆ ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದು, 1936ರ ಫ್ರೆಡ್ ಪೆರಿಯ ನಂತರ 77 ವರ್ಷಗಳ ಕಾಯುವಿಕೆಯನ್ನು ಮುಗಿಸಿದಾಗ ಇಡೀ ದೇಶ ಆತನನ್ನು ತನ್ನವನೆಂದಿತು. ಗೆದ್ದರೆ ಬ್ರಿಟನ್ನಿನವ, ಸೋತರೆ ಸ್ಕಾಟ್ಲೆಂಡಿನವ ಎಂಬುದು ಆತನ ಬಗ್ಗೆ ಅಲ್ಲಿ ಚಾಲ್ತಿಯಲ್ಲಿದ್ದ ಹಾಸ್ಯ. ಕನ್ನಡ ಶಾಲೆಯಲ್ಲಿ ಓದಿ, ಕೇರಳದ ರೇಷನ್ ಕಾರ್ಡ್ ಹಿಡಿದು, ಆಸ್ಪತ್ರೆಗೆ ಮಂಗಳೂರಿನ ಬಸ್ ಹತ್ತುವ ನಮಗೆ ಆ ಹಾಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮನ್ನು ಆಳಿದವರ ಗೆಲುವಿಗೆ ನಾವೇಕೆ ಚಪ್ಪಾಳೆ ತಟ್ಟಬೇಕು ಎಂದು ಕೇಳುವವರಿದ್ದಾರೆ. ತಟ್ಟಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯನ್ನು ಟಿ.ವಿ.ಯಲ್ಲಿ ನೋಡಿದಾಗ, ಒಂದು ದೇಶ ತನ್ನ ಹೆಮ್ಮೆಯನ್ನು ಹೀಗೂ ಹೇಳಿಕೊಳ್ಳಬಹುದೇ ಎಂದು ನನಗೆ ಅಚ್ಚರಿಯಾದದ್ದು ನಿಜ. ನಿರ್ದೇಶಕ ಡ್ಯಾನಿ ಬಾಯ್ಲ್ ಸಾಮ್ರಾಜ್ಯದ ದಂಡಯಾತ್ರೆಗಳನ್ನು ಮೆರೆಸುವ ಬದಲು ಸರಕಾರಿ ಆರೋಗ್ಯ ಸೇವೆಯ ದಾದಿಯರನ್ನೂ ಆಸ್ಪತ್ರೆಯ ಮಂಚಗಳನ್ನೂ ಅಂಗಳಕ್ಕೆ ತಂದರು. ರಾಣಿಯೇ ಜೇಮ್ಸ್ ಬಾಂಡ್ ಜತೆ ಹೆಲಿಕಾಪ್ಟರಿನಿಂದ ಜಿಗಿದಂತೆ ತೋರಿಸಿದರು. ನಮ್ಮ ಮನೆಗಳ ಮಕ್ಕಳಿಗೂ ಚಿರಪರಿಚಿತನಾದ ಮಿಸ್ಟರ್ ಬೀನ್, ಅಂದರೆ ರೋವನ್ ಅಟ್ಕಿನ್‌ಸನ್, ಗಂಭೀರ ವಾದ್ಯವೃಂದದ ನಡುವೆ ಕುಳಿತು ಒಂದೇ ಬೆರಳಿನಿಂದ ಒಂದೇ ಸ್ವರವನ್ನು ಒತ್ತುತ್ತ, ಬೇಸರದಿಂದ ಗಡಿಯಾರ ನೋಡುತ್ತಿದ್ದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಬೆಳೆದವರು ಯಕ್ಷಗಾನದ ಒಡ್ಡೋಲಗದಲ್ಲಿ ರಾಜನ ಮಾತಿಗೇ ಕೊಕ್ಕೆ ಹಾಕುವ ಹಾಸ್ಯಗಾರನನ್ನು ನೋಡಿದವರೇ. ಹಾಸ್ಯಗಾರನಿಂದ ರಾಜನ ಗತ್ತು ಕಡಿಮೆಯಾದದ್ದಿಲ್ಲ.

ಆ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ 29 ಚಿನ್ನ ದೊರೆಯಿತು. 1996ರ ಅಟ್ಲಾಂಟಾದಲ್ಲಿ ದೊರೆತದ್ದು ಒಂದೇ ಒಂದು. ಆ ಅವಮಾನದ ನಂತರ ರಾಷ್ಟ್ರೀಯ ಲಾಟರಿಯ ಹಣವನ್ನು ಕ್ರೀಡಾಪಟುಗಳ ತರಬೇತಿಗೆ ಸುರಿದರು, ಪದಕ ತಾರದ ಕ್ರೀಡೆಗಳ ಅನುದಾನವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದರು. ಲಾಟರಿಯ ವಿಷಯ ಕೇರಳದವರಿಗೆ ಹೊಸತಲ್ಲವಾದರೂ, ಅದರಿಂದ ಒಲಿಂಪಿಕ್ಸ್ ಚಿನ್ನ ಹುಟ್ಟಬಹುದೆಂದು ನಾವು ಯೋಚಿಸಿದವರಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು 'ನಮ್ಮವರು' ಯಾರೆಂಬ ಪ್ರಶ್ನೆ. 2019ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ನಾಯಕ ಇಯಾನ್ ಮಾರ್ಗನ್ ಡಬ್ಲಿನ್‌ನಲ್ಲಿ ಹುಟ್ಟಿದವರು, ಸೂಪರ್ ಓವರ್ ಎಸೆದ ಜೋಫ್ರಾ ಆರ್ಚರ್ ಬಾರ್ಬಡೋಸಿನವರು. ಪಂದ್ಯಶ್ರೇಷ್ಠ ಬೆನ್ ಸ್ಟೋಕ್ಸ್ ಹುಟ್ಟಿದ್ದು ಸೋತ ನ್ಯೂಜಿಲೆಂಡಿನಲ್ಲಿಯೇ! ಸಂಭ್ರಮದಲ್ಲಿ ಷಾಂಪೇನ್ ಚಿಮ್ಮಿಸುವ ಮುನ್ನ ಮೊಯೀನ್ ಅಲಿ ಮತ್ತು ಆದಿಲ್ ರಶೀದ್ ಪಕ್ಕಕ್ಕೆ ಸರಿದರು, ಅದರಿಂದ ಯಾರಿಗೂ ರಸಭಂಗವಾಗಲಿಲ್ಲ. ಇದೆಲ್ಲ ಗೆದ್ದ ದಿನದ ಮಾತು. 2021ರ ಯೂರೋ ಫುಟ್‌ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡ್ ಸೋತಾಗ, ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ರ‍್ಯಾಷ್‌ಫರ್ಡ್, ಸ್ಯಾಂಚೊ, ಸಾಕಾ ಮೂವರೂ ಕಪ್ಪು ಯುವಕರಾಗಿದ್ದರು. ಅದೇ ರಾತ್ರಿ ಸಾಮಾಜಿಕ ಜಾಲತಾಣಗಳಲ್ಲಿ ಅವರ ಮೇಲೆ ಜನಾಂಗೀಯ ಬೈಗುಳದ ಮಳೆ ಸುರಿಯಿತು. ಮರ್ರೆಯ ಕುರಿತ ಹಾಸ್ಯಕ್ಕೂ ಈ ಬೈಗುಳಕ್ಕೂ ಬೇರು ಒಂದೇ ಎಂದು ನನ್ನ ಅನಿಸಿಕೆ.

ನಮ್ಮ ಜಿಲ್ಲೆಯ ತಳಂಗರೆಯ ಕ್ರಿಕೆಟಿಗ ಮೊಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಕೇರಳದ ಪರ ಆಡಿ ಮುಂಬೈ ವಿರುದ್ಧ ಕೇವಲ 37 ಎಸೆತಗಳಲ್ಲಿ ಶತಕ ಬಾರಿಸಿದಾಗ ಕನ್ನಡ ಮನೆಗಳಲ್ಲಿಯೂ 'ನಮ್ಮ ಹುಡುಗ' ಎಂಬ ಮಾತೇ ಕೇಳಿಸಿತು. ಬೆಂಗಳೂರಿನ ಐಪಿಎಲ್ ತಂಡ ಅವರನ್ನು ಕೊಂಡಾಗಲಂತೂ ಗಡಿಯ ಎರಡೂ ಕಡೆಯವರು ಹಕ್ಕು ಸಾಧಿಸಿದರು. ಆ ಸಲ ಒಂದು ಪಂದ್ಯವನ್ನೂ ಆಡಲು ಅವಕಾಶ ಸಿಗಲಿಲ್ಲ ಎಂಬುದು ಬೇರೆ ಮಾತು. 2025ರ ರಣಜಿ ಸೆಮಿಫೈನಲ್‌ನಲ್ಲಿ ಅವರು ಔಟಾಗದೆ 177 ರನ್ ಗಳಿಸಿ ಕೇರಳವನ್ನು ಮೊದಲ ಬಾರಿ ಫೈನಲ್‌ಗೆ ತಲುಪಿಸಿದರು. ಮುಂದೆ ಕೇರಳ ಮತ್ತು ಕರ್ನಾಟಕ ಎದುರಾದರೆ ಯಾರ ಪಕ್ಷ ಎಂದು ಗೆಳೆಯರು ಛೇಡಿಸುತ್ತಾರೆ. ಅಜರುದ್ದೀನ್ ಕ್ರೀಸಿನಲ್ಲಿರುವವರೆಗೆ ಕೇರಳದ ಪಕ್ಷ, ಔಟಾದ ಮರುಕ್ಷಣದಿಂದ ಕರ್ನಾಟಕದ ಪಕ್ಷ ಎಂದು ಉತ್ತರಿಸುತ್ತೇನೆ. ಸೊನ್ನೆಗೆ ಔಟಾದರೂ ಅವರು ತಳಂಗರೆಯವರೇ.