ಆನ್‌ಲೈನ್ ಕೌನ್ಸೆಲಿಂಗ್ ಸರಿ, ಬಾಗಿಲಿರೋ ರೂಮ್ ಎಲ್ಲಿಂದ ತರೋದು?

ಕೋವಿಡ್ ಟೈಮಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಹೇಗಿತ್ತು ಅಂದ್ರೆ ಎಲ್ರೂ ನೆಟ್‌ವರ್ಕು, ಝೂಮು ಅಂತ ಶುರು ಮಾಡ್ತಾರೆ. ಮುಂಬೈ ಹತ್ರದ ಡೊಂಬಿವಲಿಯಲ್ಲಿ ಕೂತು ಆ ಕೆಲಸ ಮಾಡಿದವಳು ನಾನು, ನೆಟ್‌ವರ್ಕ್ ಹೇಗೋ ಸುಧಾರಿಸ್ಕೊಂಡು ಹೋಯ್ತು ಕಣ್ರೀ, ಮುಂಬೈ ಮನೆಗಳಲ್ಲಿ ಸಿಗದೇ ಹೋಗಿದ್ದು ಹಾಕ್ಕೊಳ್ಳೋಕೆ ಒಂದು ಬಾಗಿಲು. ಒಂದು ರೂಮು ಒಂದು ಕಿಚನ್ನು, ಅದ್ರಲ್ಲಿ ಅತ್ತೆ ಮಾವ, ವರ್ಕ್ ಫ್ರಮ್ ಹೋಮ್ ಗಂಡ, ಆನ್‌ಲೈನ್ ಕ್ಲಾಸಿನ ಮಗು, ಇಷ್ಟೂ ಜನರ ಮಧ್ಯೆ ಕೂತು "ನಂಗೆ ಈ ಮನೇಲಿ ಉಸಿರು ಕಟ್ತಿದೆ" ಅಂತ ಹೇಗೆ ಹೇಳೋದು?

ಹಾಗಾಗಿ ಜನ ಜಾಗ ಹುಡುಕ್ಕೊಂಡ್ರು. ಟೆರೇಸು, ಪಾರ್ಕಿಂಗಲ್ಲಿ ನಿಂತಿರೋ ಕಾರು, ನಲ್ಲಿ ಬಿಟ್ಟ ಬಾತ್‌ರೂಮು (ನೀರು ಬರೋ ಹೊತ್ತಲ್ಲಿ ಮಾತ್ರ, ಅದೂ ಮುಂಬೈ ಸಮಸ್ಯೆನೇ). ಒಬ್ಬಾಕೆ ಜೊತೆ ಒಪ್ಪಂದ ಆಗಿತ್ತು, ಅತ್ತೆ ಹತ್ರ ಬಂದ್ರೆ ಆಕೆ ಬಂಗುಡೆ ರೇಟ್ ಕೇಳ್ಬೇಕು, ನಾನು ತಕ್ಷಣ ಮೀನಿನ ವಿಷಯಕ್ಕೆ ಜಾರ್ಬೇಕು. ಇನ್ನೊಬ್ರಿಗೆ ಇಯರ್‌ಫೋನ್ ಹಾಕಿಸಿ ನಾನೇ ಪ್ರಶ್ನೆ ಕೇಳೋದು, ಅವ್ರು ಹೂಂ, ಉಹುಂ ಅಷ್ಟೇ ಅನ್ನೋದು. ಹೋಟೆಲ್ ಮುಚ್ಚಿ ರೂಮಲ್ಲೇ ಉಳ್ಕೊಂಡ ನಮ್ಮ ಕುಂದಾಪುರ ಕಡೆ ಹುಡುಗ್ರಿಗೆ ಅದೂ ಆಗ್ತಿರ್ಲಿಲ್ಲ, ಸುತ್ತ ಜನ ಮಲಗಿರ್ತಿದ್ರು, ಅವ್ರು ಚಾಟಲ್ಲಿ ಟೈಪ್ ಮಾಡ್ತಿದ್ರು. (ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೀನಿ.)

ನಮ್ಮ ಕಡೆ ಕಷ್ಟ ಬೇರೆ ಥರ. ಎದುರಿಗೆ ಕೂತಾಗ ಮೌನನೂ ಕೆಲಸ ಮಾಡುತ್ತೆ, ಎರಡು ನಿಮಿಷ ಸುಮ್ನಿದ್ರೆ ಮನುಷ್ಯ ತಾನಾಗೇ ಬಾಯಿ ಬಿಡ್ತಾನೆ. ಫೋನಲ್ಲಿ ಆಚೆ ಕಡೆ ಸುಮ್ನಾದ್ರೆ ಅಳ್ತಿದಾರಾ ಕಾಲ್ ಕಟ್ಟಾಯ್ತಾ ಗೊತ್ತಾಗಲ್ಲ, "ಹಲೋ, ಕೇಳಿಸ್ತಿದ್ಯಾ?" ಅಂದ್ಬಿಟ್ರೆ ಮುಗೀತು, ಬರ್ಬೇಕಾಗಿದ್ದ ಮಾತು ವಾಪಸ್ ಒಳಗೆ. ವಿಡಿಯೋದಲ್ಲಿ ಮುಖ ಕಾಣುತ್ತೆ ನಿಜ, ಕಾಲು ನಡುಗೋದು, ಕುಡಿದ ವಾಸನೆ, ಸ್ನಾನ ಮಾಡಿ ಎಷ್ಟು ದಿನ ಆಗಿದೆ ಅನ್ನೋದು ಕಾಣಲ್ಲ. ಅದಕ್ಕೇ ಪ್ರತಿ ಸಲ ಮೊದ್ಲು ಕೇಳ್ತಿದ್ದೆ, ಈಗ ಎಲ್ಲಿದ್ದೀರಿ, ಹತ್ರದವರೊಬ್ಬರ ನಂಬರ್ ಕೊಡಿ ಅಂತ. ಪ್ರಾಣ ಕಳ್ಕೊಳ್ಳೋ ಯೋಚನೆ ಇರೋರ ಕಾಲ್ ಮಧ್ಯದಲ್ಲಿ ಕಟ್ಟಾದ್ರೆ ಯಾರನ್ನ ಕಳಿಸೋದು, ಎಲ್ಲಿಗೆ? ಕೆಲವರಿಗೆ ಅದು ಪೊಲೀಸ್ ವಿಚಾರಣೆ ಥರ ಅನ್ಸಿ ಬೇಜಾರಾಗಿದ್ದೂ ಉಂಟು, ಆದ್ರೂ ನಾನು ಬಿಡ್ತಿರ್ಲಿಲ್ಲ.

ಸೈಕಿಯಾಟ್ರಿಸ್ಟ್‌ಗಳ ಕಥೆ ಇನ್ನೊಂದು. ಔಷಧಿ ಬರೆಯೋರು ಅವ್ರು, ನನ್ನಂಥ ಸೈಕಾಲಜಿಸ್ಟ್‌ಗಳಿಗೆ ಆ ಅಧಿಕಾರ ಇಲ್ಲ. ಮಹಾರಾಷ್ಟ್ರದಲ್ಲಂತೂ 2018ರಲ್ಲಿ ರತ್ನಾಗಿರಿಯ ಒಂದು ಕೇಸಲ್ಲಿ ಫೋನ್ ಮೇಲೆ ಔಷಧಿ ಹೇಳಿದ ಡಾಕ್ಟರ್‌ಗಳಿಗೆ ಬಾಂಬೆ ಹೈಕೋರ್ಟ್ ನಿರೀಕ್ಷಣಾ ಜಾಮೀನು ಕೊಡದೇ ಇದ್ಮೇಲೆ ಎಲ್ರಿಗೂ ಭಯ ಕೂತಿತ್ತು. 2020 ಮಾರ್ಚ್ 25ಕ್ಕೆ, ಅಂದ್ರೆ ಲಾಕ್‌ಡೌನ್ ಶುರುವಾದ ದಿನಾನೇ, ಫೋನು, ವಿಡಿಯೋದಲ್ಲಿ ಚಿಕಿತ್ಸೆ ಕೊಡೋಕೆ ಟೆಲಿಮೆಡಿಸಿನ್ ಗೈಡ್‌ಲೈನ್ಸ್ ಬಂತು ನೋಡಿ, ಆಮೇಲೆ ಅದೇ ವರ್ಷ ನಿಮ್ಹಾನ್ಸ್ ಮತ್ತೆ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯೋರು ಸೇರಿ ಟೆಲಿಸೈಕಿಯಾಟ್ರಿಗೆ ಅಂತಾನೇ ಪ್ರತ್ಯೇಕ ನಿಯಮ ತಂದ್ರು, ಆಗ ಧೈರ್ಯ ಬಂತು. ಆದ್ರೂ ಎಲ್ಲ ಔಷಧಿನೂ ಬರೆಯೋ ಹಾಗಿಲ್ಲ, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ಸೇರಿದ ಹೆಚ್ಚಿನವು, ಕಟ್ಟುನಿಟ್ಟಾಗಿ ಮಾರೋ ಶೆಡ್ಯೂಲ್ ಎಕ್ಸ್ ಪಟ್ಟಿಯವು, ಇವೆಲ್ಲ ಹೊರಗೆ. ಮೆಡಿಕಲ್ ಶಾಪೋರು ವಾಟ್ಸಾಪಲ್ಲಿ ಬಂದ ಚೀಟಿ ನೋಡಿ ತಲೆ ಆಡಿಸ್ತಿದ್ದಿದ್ದು ಬೇರೆ ಪುರಾಣ.

ಹಾಗಂತ ಕೆಟ್ಟದ್ದೇ ಅಂತಲ್ಲ. ಲೋಕಲ್ ಟ್ರೇನ್ 2020ರ ಮಾರ್ಚ್ ಕೊನೆಗೆ ನಿಂತಿದ್ದು, 2021ರ ಶುರುವಲ್ಲಿ ಸ್ವಲ್ಪ ಕಾಲ ನಿಗದಿತ ಹೊತ್ತಲ್ಲಿ ಮಾತ್ರ ಬಿಟ್ಟು ಮತ್ತೆ ನಿಲ್ಸಿ, ಎರಡೂ ಡೋಸ್ ಆದ ಸಾಮಾನ್ಯ ಜನಕ್ಕೆ ಅಂತ ಬಿಟ್ಟಿದ್ದು 2021ರ ಆಗಸ್ಟ್ 15ಕ್ಕೆ. ಅಲ್ಲಿ ತನಕ ದೂರದ ವಿರಾರಿನೋರು, ಪನ್ವೇಲಿನೋರು ಏನ್ ಮಾಡ್ಬೇಕಿತ್ತು? ಮತ್ತೆ ಮೊದಲ ಸಲ ನಮ್ಮ ವಯಸ್ಸಾದ ಅಮ್ಮಂದಿರು ಕನ್ನಡದಲ್ಲೇ ಕಷ್ಟ ಹೇಳ್ಕೊಂಡ್ರು. ಮೊದ್ಲು ಆಸ್ಪತ್ರೇಲಿ ಮಗ ಪಕ್ಕ ಕೂತು ಮರಾಠಿ, ಹಿಂದಿಯಲ್ಲಿ ಡಾಕ್ಟರಿಗೆ ಹೇಳೋನು, ಅದೂ ತನಗೆ ಬೇಕಾದಷ್ಟೇ.

ಆದ್ರೆ ಫೋನ್ ಹಿಡಿಯೋನೂ ಅದೇ ಮಗ! ಕೋವಿಡಲ್ಲಿ ಗಂಡನ್ನ ಕಳ್ಕೊಂಡು ಕೊನೇ ಸಲ ಮುಖನೂ ನೋಡಕ್ಕಾಗದ ಒಬ್ರು ಅಮ್ಮ, ಮಗ ಪಕ್ಕದಲ್ಲೇ ಇದ್ದಷ್ಟು ಹೊತ್ತೂ "ನಂಗೇನಾಗಿದೆ ಮಗಾ, ಚೆನ್ನಾಗಿದ್ದೀನಿ, ನೀನು ಊಟ ಮಾಡ್ದ್ಯಾ" ಅಂತ ನನ್ನನ್ನೇ ವಿಚಾರಿಸ್ತಿದ್ರು. ಅವನನ್ನ ಹಾಲು ತರೋಕೆ ಕಳ್ಸಿದೆ. ಅವ್ನು ಚಪ್ಪಲಿ ಹಾಕಿ ಹೊರಟಿದ್ದೇ ತಡ, "ಅವ್ನ ಮುಂದೆ ಅತ್ರೆ ಅವ್ನೂ ಕುಸಿದ್ಬಿಡ್ತಾನೆ" ಅಂತ ಶುರು ಮಾಡಿದೋರು ಅವ್ನು ವಾಪಸ್ ಬರೋ ತನಕ ನಿಲ್ಲಿಸ್ಲಿಲ್ಲ. ಆಮೇಲೆ ಪ್ರತಿ ವಾರ ಆ ಮನೇಲಿ ಅದೇ ಹೊತ್ತಿಗೆ ಹಾಲು ಖಾಲಿ ಆಗ್ತಿತ್ತು.

ಈಗ 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿಂದ ಇದೆ, ಫ್ರೀ, ದಿನಪೂರ್ತಿ, ಕನ್ನಡದಲ್ಲೂ ಮಾತಾಡ್ಬಹುದು. ಮನೇಲಿ ಯಾರಿಗಾದ್ರೂ ಬೇಕು ಅನ್ಸಿದ್ರೆ ನಂಬರ್ ಒತ್ತಿ ಕೊಡಿ, ಕೊಟ್ಟು ದಯವಿಟ್ಟು ಒಂದರ್ಧ ಗಂಟೆ ಕೆಳಗಡೆ ಸುತ್ತಾಡ್ಕೊಂಡು ಬನ್ನಿ.