ಪಾಯಸದ ಕಡೆ ಒಂದು ಕಣ್ಣು

ಮೇ 12, 2024, ಭಾನುವಾರ

ನಿನ್ನೆ ಊರಲ್ಲಿ ಮದುವೆ. ಮೂರನೇ ಪಂಕ್ತಿ ಕೂತಾಗ ವಾಲಗದವರೊಬ್ಬರು ಊದುತ್ತಲೇ ಪಾಯಸದ ಬಕೆಟ್ ಹೋದ ಕಡೆಗೆಲ್ಲ ಕಣ್ಣು ಓಡಿಸುತ್ತಿದ್ದರು. ಈ ನೋಟವನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಬ್ರೂಗಲ್ ಅನ್ನುವ ಹಳೇ ಚಿತ್ರಕಾರನ 'ರೈತರ ಮದುವೆ' ಚಿತ್ರ!

ಇವತ್ತು ಮಧ್ಯಾಹ್ನ ಪೂರ್ತಿ ಫೋನಿನಲ್ಲಿ ಅದನ್ನೇ ಹಿಗ್ಗಿಸಿ ನೋಡಿದೆ. 1567-68ರ ಸುಮಾರಿಗೆ ಬರೆದದ್ದು, ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಈಗಿನ ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯ ಹಳ್ಳಿ, ಕಾಳು ಹುಲ್ಲು ತುಂಬಿಡುವ ದೊಡ್ಡ ಕೊಟ್ಟಿಗೆಯಲ್ಲಿ ಮದುವೆ ಊಟ. ಹಿಂದಿರುವುದು ಗೋಡೆ ಅಂದುಕೊಂಡಿದ್ದೆ. ಅಲ್ಲ, ಒಟ್ಟಿದ ಹುಲ್ಲು. ಅದಕ್ಕೆ ಎರಡು ಸಿವುಡು ನೇತುಹಾಕಿದ್ದಾರೆ. ಸುಗ್ಗಿ ಮುಗಿದಿದೆ, ಮನೆ ತುಂಬಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಇಬ್ಬರು ಬಾಗಿಲನ್ನೇ ಕಿತ್ತು ಅದರ ಮೇಲೆ ಗಂಜಿಯ ಬಟ್ಟಲು ಹೊತ್ತು ತರುತ್ತಿದ್ದಾರೆ. ಒಬ್ಬನ ಟೋಪಿಯಲ್ಲಿ ಮರದ ಚಮಚ. ಆ ಬಾಗಿಲಿನ ಕೆಳಗೆ ಒಂದು ಕಾಲು ಜಾಸ್ತಿ ಇದೆಯೋ ಅನ್ನಿಸುತ್ತದೆ, ಎಣಿಸಿ ಎಣಿಸಿ ಸಾಕಾಯಿತು. ಈ ಚಿತ್ರ ಹೊಟ್ಟೆಬಾಕತನವನ್ನು ಆಡಿಕೊಳ್ಳುತ್ತದೆ ಅನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ ಬಡಿಸುತ್ತಿರುವುದೇ ಗಂಜಿ, ಅದರಲ್ಲೆಂಥ ದುರಾಸೆ! ಮುಂದೆ ನೆಲದ ಮೇಲೆ ಕೂತ ಮಗುವನ್ನು ನೋಡಿ. ಟೋಪಿಗೆ ನವಿಲುಗರಿ ಸಿಕ್ಕಿಸಿಕೊಂಡು ಬಟ್ಟಲು ಬಳಿದು ಬೆರಳು ಚೀಪುತ್ತಿದೆ. ಅದು ಹಸಿವು, ಅಷ್ಟೇ.

ಮದುಮಗಳ ಹಿಂದೆ ಹಸಿರು ಬಟ್ಟೆ, ತಲೆಯ ಮೇಲ್ಗಡೆ ಕಾಗದದ ಕಿರೀಟ. ಎಲ್ಲರೂ ಉಣ್ಣುತ್ತಿದ್ದಾರೆ, ಕುಡಿಯುತ್ತಿದ್ದಾರೆ, ಇವಳು ಮಾತ್ರ ಕೈ ಕಟ್ಟಿ, ಕಣ್ಣು ಅರೆ ಮುಚ್ಚಿ ಸುಮ್ನೆ ಕೂತಿದ್ದಾಳೆ. ಮೊದಲು ನೋಡಿದಾಗ ಪೆದ್ದಿ ಅನ್ನಿಸಿದ್ದಳು. ಇವತ್ತು ಹಾಗನ್ನಿಸಲಿಲ್ಲ. ನಾಳೆಯಿಂದ ಗಂಜಿ ಬೇಯಿಸುವವಳು ಅವಳೇ ಅಲ್ವಾ? ಇವತ್ತೊಂದು ದಿನ ಕೈಗೆ ಕೆಲಸವಿಲ್ಲ, ಕೂರಲಿ ಬಿಡಿ. ಗಂಡು ಯಾರು ಅನ್ನುವುದು ಮಾತ್ರ ಪಂಡಿತರಿಗೂ ಇನ್ನೂ ಬಗೆಹರಿದಿಲ್ಲ.

ಇನ್ನು ಅಲ್ಲಿಯ ವಾಲಗದವನು, ಬ್ಯಾಗ್‌ಪೈಪ್ ಅನ್ನುವ ಚೀಲದ ವಾದ್ಯ ಊದುವವನು. ಇಬ್ಬರಿದ್ದಾರೆ, ಅವರಲ್ಲಿ ಒಬ್ಬನ ಕಣ್ಣು ಬಟ್ಟಲುಗಳ ಮೇಲೆಯೇ ನೆಟ್ಟಿದೆ. ಗಡ್ಡ ಬೋಳಿಸಿಲ್ಲ, ಬಗಲಲ್ಲಿ ಗಾಳಿಯ ಚೀಲ. ಇಡೀ ಚಿತ್ರದ ಗದ್ದಲದಲ್ಲಿ ನನಗೆ ಕೇಳಿಸುವುದು ಇವನ ಹೊಟ್ಟೆ ಚುರುಗುಟ್ಟುವ ಸದ್ದೇ.

ನಿನ್ನೆ ನಾವು ಹೊರಡುವಾಗ ವಾಲಗದವರು ಕೊನೇ ಪಂಕ್ತಿಯಲ್ಲಿ ಕೂತಿದ್ದರು. ಎಲೆಯಲ್ಲಿ ಅನ್ನ, ಸಾರು ಇತ್ತು. ಪಾಯಸ ಕಾಣಲಿಲ್ಲ.