ಕ್ಷೌರ ಮಾಡ್ದಂಗ

ಬುಧವಾರ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದಾಗ ಸುಮ್ಮಸುಮ್ಮನೆ ನಕ್ಕುಬಿಟ್ಟೆ. ಕತ್ತರಿ ಹಿಡಿದವನು ಕನ್ನಡಿಯಲ್ಲೇ ನನ್ನ ಮುಖ ನೋಡಿ, 'ಏನ್ ಸಾರ್, ಜಾಸ್ತಿ ಆಯ್ತಾ?' ಅಂದ. ಇಲ್ಲಪ್ಪ, ನೀನು ಮಾಡು ಅಂದೆ. ಭಾನುವಾರ ಬಿಳಿಗಿರಿರಂಗನ ಬೆಟ್ಟದಲ್ಲಿ ಕೇಳಿಸಿಕೊಂಡ ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ ಅಂತ ಅವನಿಗೆ ಹೇಗೆ ಹೇಳಲಿ?

ಕಾಡಿನ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟಿಗೆ ಮೂರು ವರ್ಷದಿಂದ ದೇಣಿಗೆ ಕೊಡುತ್ತಿದ್ದೇನೆ. ತೆರಿಗೆ ರಿಯಾಯಿತಿಯ ರಸೀದಿ ಸಿಗುತ್ತದೆ ಅನ್ನೋದೂ ಆ ಔದಾರ್ಯದಲ್ಲಿ ಸೇರಿದೆ, ಮುಚ್ಚಿಡುವುದೇನು. ಈ ಸಲ ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಡನ್ನು ಮುತ್ತುವ ಲಂಟಾನ ಅನ್ನೋ ಮುಳ್ಳಿನ ಕಳೆಪೊದೆ ಕೀಳುವ ಶ್ರಮದಾನ ಇಟ್ಟುಕೊಂಡಿದ್ದರು. ಹೋದವರು 18 ಜನ. ಅದರಲ್ಲಿ 12 ಮಂದಿ ಒಂದೇ ಕಂಪನಿಯವರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಹುಲಿ. ಅವರ ಜೊತೆ ಒಬ್ಬ ಫೋಟೋದ ಹುಡುಗ. ಪಾಪ, ಒಳ್ಳೆಯವನೇ, ಆದರೆ ಇಡೀ ದಿನ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ.

ಕಂಪನಿಯ ಮ್ಯಾನೇಜರು ವ್ಯಾನಿನಿಂದ ಇಳಿದವರೇ 'ಮೇಡಂ, ಗಿಡ ನೆಡೋದು ಎಷ್ಟೊತ್ತಿಗೆ?' ಅಂತ ಕೇಳಿದರು. ಟ್ರಸ್ಟಿನ ಕಾರ್ಯದರ್ಶಿ ಮೇಡಂ ಮಾತು ಜಾಸ್ತಿ, ಆದರೆ ನನಗೆ ಅವರನ್ನು ಕಂಡರೆ ಇಷ್ಟ. 'ಸಾರ್, ನಾವು ನೆಡೋಕೆ ಬಂದಿಲ್ಲ, ಕೀಳೋಕೆ ಬಂದಿದೀವಿ' ಅಂದರು. ಮ್ಯಾನೇಜರ ಮುಖ ಸಣ್ಣದಾಯಿತು. ವರದಿಯಲ್ಲಿ ಸಸಿಗಳ ಸಂಖ್ಯೆ ಅಂತ ಒಂದು ಅಂಕಣ ಇರುತ್ತದಂತೆ, ಅದನ್ನು ಖಾಲಿ ಬಿಡುವುದು ಹೇಗೆ ಅನ್ನೋದು ಅವರ ಚಿಂತೆ. ಆಗ ನಕ್ಕಿದ್ದೆ. ಅರ್ಧ ಗಂಟೆಯಲ್ಲಿ ನನ್ನ ಸರದಿ ಬಂತು.

ಮಚ್ಚು ಕೈಗೆ ಸಿಕ್ಕ ಉತ್ಸಾಹದಲ್ಲಿ ಮೊಣಕಾಲೆತ್ತರಕ್ಕೆ ಕಾಂಡಗಳನ್ನು ಒಂದೇ ಸಮ ಕಡಿಯುತ್ತಾ ಹೋದೆ. ಮುಳ್ಳು ತೋಳಿಗೆ ಗೀರುತ್ತಿದ್ದವು, ಎಲೆ ಉಜ್ಜಿದಾಗ ಬರುವ ಆ ಖಾರದ ವಾಸನೆ ಮೂಗಿಗೆ ಹತ್ತಿತ್ತು. ಹಿಂತಿರುಗಿ ನೋಡಿದರೆ ಹತ್ತಡಿ ಬಯಲು! ಎದೆ ಉಬ್ಬಿತು. ಟ್ರಸ್ಟಿನವರು ಕೂಲಿ ಕೊಟ್ಟು ಹತ್ತಿರದ ಪೋಡಿನಿಂದ, ಅಂದರೆ ಈ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹಾಡಿಯಿಂದ, ಕರೆಸಿದ್ದ ಯಜಮಾನರೊಬ್ಬರು ನನ್ನನ್ನೇ ನೋಡುತ್ತಾ ನಿಂತಿದ್ದರು. ಎಲೆಅಡಿಕೆ ಉಗಿದು ಬಂದು ಹೇಳಿದರು:

'ಬುದ್ಧಿ, ನೀವ್ ಮಾಡ್ತಿರದು ಅದ್ಕ ಕ್ಷೌರ ಮಾಡ್ದಂಗ. ಮಳ ಬಂದ್ರ ಇನ್ನೂ ಮಂದವಾಗಿ ಬತ್ತದ.'

'ಮತ್ತೇನ್ ಮಾಡ್ಬೇಕು ಯಜಮಾನ್ರೆ?'

'ಕತ್ತು ಕುಯ್ಬೇಕು. ಅದ್ರ ಕತ್ತು ಮಣ್ಣೊಳಗದ.'

ಗುದ್ದಲಿ ತಗೊಂಡು ಬುಡದ ಮಣ್ಣು ಬಿಡಿಸಿದರು. ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಜಾಗದ ಕೆಳಗೆ ಒಂದೇ ಏಟು. ಆಮೇಲೆ ಇಡೀ ಪೊದೆಯನ್ನು ಎತ್ತಿ ಬೇರು ಆಕಾಶಕ್ಕೆ ಬರುವಂತೆ ತಲೆಕೆಳಗು ಮಾಡಿಟ್ಟರು. ಕೊಂಬೆ ಮಣ್ಣಿಗೆ ತಾಗಿದರೆ ಅಲ್ಲೂ ಬೇರು ಬಿಡುತ್ತದಂತೆ. ವಿಜ್ಞಾನಿಗಳೂ ಇದೇ ವಿಧಾನವನ್ನು ಹೇಳುತ್ತಾರೆ ಅಂತ ಮೇಡಂ ಹಿಂದಿನಿಂದ ಸೇರಿಸಿದರು. ಯಜಮಾನರು ಆ ಮಾತಿಗೆ ತಲೆ ಕೂಡ ಎತ್ತಲಿಲ್ಲ.

ಬುದ್ಧಿ ಹೇಳುತ್ತಿರುವವರು ಅವರು, ಬುದ್ಧಿ ಅಂತ ಕರೆಸಿಕೊಳ್ಳುತ್ತಿರುವವನು ನಾನು. ಹಾಗನ್ನಬೇಡಿ ಅಂತ ಎರಡು ಸಲ ಹೇಳಿದೆ. 'ಆಗ್ಲಿ ಬುದ್ಧಿ' ಅಂದರು.

ಊಟದ ಹೊತ್ತಿಗೆ ಅವರ ಪಕ್ಕವೇ ಕೂತೆ. ಅವರಪ್ಪನ ಕಾಲದಲ್ಲಿ ಬೇಸಿಗೆ ಬಲಿಯುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರಂತೆ. ಒಣಗಿದ ಎಲೆ, ಹುಲ್ಲು ಮಾತ್ರ ಸುಡುವ ಸಣ್ಣ ಬೆಂಕಿ; ಲಂಟಾನದ ಮರಿಗಳೂ ಅದರಲ್ಲೇ ಹೋಗುತ್ತಿದ್ದವು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು, ಸೋಲಿಗರು ಕಾಡೊಳಗಿಂದ ಎದ್ದು ಒಂದೊಂದು ಕಡೆ ನೆಲೆ ನಿಂತರು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ತೋಟದ ಅಂದಕ್ಕೆಂದು ತರಿಸಿದ, ಅಮೆರಿಕ ಖಂಡ ಮೂಲದ ಈ ಹೂವಿನ ಗಿಡ ಲಂಟಾನ ಮಾತ್ರ ಒಳಗೆ ನುಗ್ಗಿತು. ಸಂಶೋಧಕರು 1997ರಲ್ಲಿ ಅಳೆದ ಕಾಡಿನ ತುಣುಕುಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಹೆಚ್ಚುಕಡಿಮೆ ಎರಡರಷ್ಟು ಕಡೆ ಕಂಡಿತ್ತು. ಬೆಂಕಿ ನಿಂತದ್ದೊಂದೇ ಕಾರಣವೋ ಅಲ್ಲವೋ ಅನ್ನೋ ವಾದ ಇದ್ದೇ ಇದೆ. 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು ಕುಯ್ಯಬಹುದು, ನೆಲ್ಲಿಕಾಯಿ ಆಯಬಹುದು. ತರಗು ಬೆಂಕಿ ಮಾತ್ರ ಹಾಕುವಂತಿಲ್ಲ. 'ಹಾಕುದ್ರ ಕೇಸ್ ಆಯ್ತದ' ಅಂದು ಮಜ್ಜಿಗೆ ಕುಡಿದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಸಂಜೆ ನಾಲ್ಕಕ್ಕೆ ಲೆಕ್ಕ ಹಾಕಿದರೆ ಅರ್ಧ ಎಕರೆಯೂ ಆಗಿರಲಿಲ್ಲ. ಅಭಯಾರಣ್ಯ 540 ಚದರ ಕಿಲೋಮೀಟರ್, ಅಂದರೆ ಸುಮಾರು 1.33 ಲಕ್ಷ ಎಕರೆ. ಆದರೆ ಮೇಡಂ ತಲೆಬಿಸಿ ಆ ದೊಡ್ಡ ಸಂಖ್ಯೆಯದ್ದಲ್ಲ, ಈ ಅರ್ಧ ಎಕರೆಯದ್ದೇ. ಪಿಕಳಾರ ಹಕ್ಕಿ ಹಣ್ಣು ತಿಂದು ಬೀಜ ಉದುರಿಸುತ್ತದೆ, ಮಣ್ಣಿನಲ್ಲಿ ಹಳೆಯ ಬೀಜ ವರ್ಷಗಟ್ಟಲೆ ಕಾದು ಕೂತಿರುತ್ತದೆ. ಮಳೆ ಬಿದ್ದಾಗ ಹೋಗಿ ಮರಿಗಳನ್ನು ಕೀಳಬೇಕು, ಮುಂದಿನ ಮಳೆಗೂ ಕೀಳಬೇಕು, ಅದರ ಮುಂದಿನದಕ್ಕೂ. ಅಷ್ಟರಲ್ಲಿ ಹುಲ್ಲು ಎದ್ದರೆ ಕಡವೆ, ಕಾಟಿ ಮೇಯಲು ಬರುತ್ತವೆ. 'ಮೊದಲ್ನೇ ದಿನಕ್ಕೆ ದುಡ್ಡು ಎಲ್ರೂ ಕೊಡ್ತಾರೆ ಸಾರ್, ಮೂರನೇ ಮಳೆಗೆ ಯಾರೂ ಕೊಡಲ್ಲ' ಅಂದರು. ಕಾನೂನಿನ ಪ್ರಕಾರ ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಯೋಜನೆಯೊಂದು, ಶುರುವಾದ ವರ್ಷ ಬಿಟ್ಟು, ಮೂರು ವರ್ಷದವರೆಗೆ ಎಳೆಯಬಹುದು. ಎಳೆಯುವವರು ಬೇಕಲ್ಲ. ಮಾರ್ಚಿನೊಳಗೆ ಖರ್ಚಾಗಬೇಕು, ಫೋಟೋ ಬರಬೇಕು, ಅಂಕಣ ತುಂಬಬೇಕು.

ಕಂಪನಿಯವರನ್ನು ಬೈಯುವುದು ಸುಲಭ. ಮೂರು ವರ್ಷದಿಂದ ನಾನೂ ಪ್ರತಿ ಮಾರ್ಚಿನಲ್ಲೇ ದುಡ್ಡು ಹಾಕಿದ್ದೇನೆ. ಹಾಕಿ, ಆ ದುಡ್ಡು ಯಾವ ಕಾಡಿಗೆ ಹೋಯಿತು, ಅಲ್ಲಿ ಈಗ ಏನಿದೆ ಅಂತ ಒಮ್ಮೆಯೂ ಕೇಳಿದವನಲ್ಲ. ಕುರ್ಚಿಯಲ್ಲಿ ಕೂತು ಕೂದಲು ಉದುರುವುದನ್ನು ನೋಡುತ್ತಿದ್ದಾಗ ಹೊಳೆದದ್ದು ಇದೇ. ಕ್ಷೌರ ಅಂದರೆ ತಿಂಗಳಿಗೊಮ್ಮೆ. ನನ್ನದು ವರ್ಷಕ್ಕೊಮ್ಮೆ.

ಗುರುವಾರ ಫೋಟೋಗಳು ಬಂದವು. ಮೊದಲನೆಯದರಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೇವೆ, ಮಚ್ಚು ಗುದ್ದಲಿ ಎತ್ತಿ, ಯುದ್ಧ ಗೆದ್ದವರ ಹಾಗೆ. ಮ್ಯಾನೇಜರು ನಡುವೆ. ದೊಡ್ಡದು ಮಾಡಿ ನೋಡಿದಾಗ ಎಡಗಡೆ ಮೂಲೆಯಲ್ಲಿ, ಗಮನಕ್ಕೆ ಬಾರದಷ್ಟು ಚಿಕ್ಕದಾಗಿ, ಯಜಮಾನರು ಕಂಡರು. ಬಗ್ಗಿದ್ದಾರೆ. ಬೆಳಿಗ್ಗೆ ನಾನು ಕಡಿದು ಬಿಟ್ಟುಹೋದ ಮೊಂಡು ಕಾಂಡಗಳ ಬುಡವನ್ನು ಒಂದೊಂದಾಗಿ ಅಗೆಯುತ್ತಿದ್ದಾರೆ. ಆ ಫೋಟೋವನ್ನು ಎಷ್ಟು ಸಲ ನೋಡಿದೆನೋ.

ಜೂನ್‌ನಲ್ಲಿ ಮರಿ ಕೀಳಲು ನಾನೂ ಬರಬಹುದೇ ಅಂತ ಮೇಡಂಗೆ ಸಂದೇಶ ಕಳಿಸಿದೆ. ರಾತ್ರಿ ಉತ್ತರ ಬಂತು: 'ಬನ್ನಿ ಸಾರ್. ಮಚ್ಚು ಬೇಡ, ಮಳೆಕೋಟು ತನ್ನಿ. ಫೋಟೋದವನು ಬರಲ್ಲ.'